ಅಗ್ನಿಶಾಮಕ ಠಾಣೆ ನೋಡಲು ಬರುವ ಪ್ರವಾಸಿಗರು

ಎಲ್ಲೋ ಬೆಂಕಿ ಬಿದ್ದಾಗಲಲ್ಲದೆ ಅಗ್ನಿಶಾಮಕ ಠಾಣೆಯ ನೆನಪು ಸಾಮಾನ್ಯವಾಗಿ ಯಾರಿಗೂ ಬರುವುದಿಲ್ಲ. ಪ್ರವಾಸಕ್ಕೆ ಹೋದವರು ಗುಡಿ ಗೋಪುರ, ಅರಮನೆ, ಜಲಪಾತಗಳನ್ನು ನೋಡಿ ಬರುತ್ತಾರೆಯೇ ಹೊರತು ಊರಿನ ಅಗ್ನಿಶಾಮಕ ಠಾಣೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಸಣ್ಣ ನಗರದಲ್ಲಿ ಮಾತ್ರ ಪ್ರವಾಸಿಗಳು ಇಂಥ ಕೆಲಸ ಮಾಡುತ್ತಾರೆ. ಅಲ್ಲಿನ ನಾಲ್ಕನೆಯ ನಂಬರಿನ ಅಗ್ನಿಶಾಮಕ ಠಾಣೆ, ಪ್ರಾಥಮಿಕ ಶಾಲೆಗಳು, ಅಂಚೆ ಕಚೇರಿ, ಟೆಲಿಫೋನ್ ವಿನಿಮಯ ಕೇಂದ್ರ, ಕೊನೆಗೆ ಜೈಲು ಕೂಡ ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿವೆ.

ಕೊಲಂಬಸ್ ಎಂದೊಡನೆ ಹಲವರಿಗೆ ಓಹಾಯೋ ರಾಜ್ಯದ ರಾಜಧಾನಿ ನೆನಪಾಗುವುದುಂಟು. ಅದು ದೊಡ್ಡ ನಗರ, ಇದು ಬೇರೆ. ಇಂಡಿಯಾನಪೊಲಿಸ್ ನಗರದಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಜೋಳ ಮತ್ತು ಸೋಯಾ ಅವರೆಯ ಹೊಲಗಳ ನಡುವೆ ಇರುವ ಈ ಊರಿನ ಜನಸಂಖ್ಯೆ 2020ರ ಗಣತಿಯ ವೇಳೆಗೆ ಐವತ್ತು ಸಾವಿರವನ್ನು ಸ್ವಲ್ಪ ದಾಟಿತ್ತು. ನಮ್ಮ ಕಡೆಯ ಒಂದು ತಾಲೂಕು ಕೇಂದ್ರದಷ್ಟು ಎನ್ನಬಹುದು. ಬೆಟ್ಟವಿಲ್ಲ, ಸಮುದ್ರವಿಲ್ಲ; ಎರಡು ಸಣ್ಣ ನದಿಗಳು ಊರ ಅಂಚಿನಲ್ಲಿ ಕೂಡಿ ವೈಟ್ ನದಿಯ ಪೂರ್ವ ಶಾಖೆಯಾಗಿ ಹರಿಯುತ್ತವೆ, ಅಷ್ಟೆ. ಆದರೂ 1991ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಸದಸ್ಯರ ಅಭಿಪ್ರಾಯ ಕೇಳಿದಾಗ, ಕಟ್ಟಡಗಳ ಗುಣಮಟ್ಟದಲ್ಲಿ ಈ ಊರಿಗೆ ಇಡೀ ದೇಶದಲ್ಲಿ ಆರನೆಯ ಸ್ಥಾನ ಸಿಕ್ಕಿತು. ಮೇಲಿನ ಐದು ಸ್ಥಾನಗಳಲ್ಲಿದ್ದವು ಷಿಕಾಗೊ, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಬಾಸ್ಟನ್ ಮತ್ತು ವಾಷಿಂಗ್ಟನ್. ಆನೆಗಳ ಸಾಲಿನಲ್ಲಿ ಮೊಲವೊಂದು ಬಂದು ನಿಂತ ಹಾಗೆ.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಮೊದಲು ಡೀಸೆಲ್ ಎಂಜಿನ್ನಿನ ಕಥೆ ಕೇಳಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಊರಿನ ಬ್ಯಾಂಕರ್ ವಿಲಿಯಂ ಇರ್ವಿನ್ ಅವರ ಮನೆಯಲ್ಲಿ ಕ್ಲೆಸ್ಸಿ ಕಮಿನ್ಸ್ ಎಂಬ ಯುವಕ ಕಾರಿನ ಚಾಲಕನಾಗಿದ್ದ. ಹೆಚ್ಚು ಓದಿದವನಲ್ಲ, ಆದರೆ ಯಂತ್ರಗಳ ಹುಚ್ಚು ಹತ್ತಿದವನು. ಧಣಿಯ ಹಣ, ಚಾಲಕನ ತಲೆ ಸೇರಿ 1919ರಲ್ಲಿ ಕಮಿನ್ಸ್ ಎಂಜಿನ್ ಕಂಪೆನಿ ಹುಟ್ಟಿತು. ಹತ್ತು ವರ್ಷ ಕಳೆದರೂ ಲಾಭವೆಂಬುದು ಕಾಣಲಿಲ್ಲ. 1929ರ ಕ್ರಿಸ್ಮಸ್ ದಿನ ಕಮಿನ್ಸ್ ಒಂದು ದೊಡ್ಡ ಪ್ಯಾಕಾರ್ಡ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿ, ಧಣಿಯನ್ನು ಅದರಲ್ಲಿ ಕೂರಿಸಿಕೊಂಡು ಸುತ್ತಾಡಿಸಿದ. ಇರ್ವಿನ್ ಅವರ ಹಣದ ಚೀಲ ಮತ್ತೊಮ್ಮೆ ಬಿಚ್ಚಿಕೊಂಡಿತು. 1931ರ ಇಂಡಿಯಾನಪೊಲಿಸ್ ಐನೂರು ಮೈಲಿ ಕಾರು ಪಂದ್ಯದಲ್ಲಿ ಕಮಿನ್ಸ್ ಡೀಸೆಲ್ ಕಾರು ಎಲ್ಲಿಯೂ ನಿಲ್ಲದೆ ಪೂರ್ತಿ ದೂರವನ್ನು ಓಡಿ ಹೆಸರು ಮಾಡಿತು. ಕಂಪೆನಿ ಮೊದಲ ಲಾಭ ಕಂಡದ್ದು 1937ರಲ್ಲಿ, ಅಂದರೆ ಹದಿನೆಂಟು ವರ್ಷಗಳ ಮೇಲೆ. ಇಷ್ಟು ದಿನ ಕಾಯುವ ಬಂಡವಾಳಗಾರರು ಎಲ್ಲ ಕಾಲದಲ್ಲೂ ಅಪರೂಪವೇ.

ಆ ಹೊತ್ತಿಗೆ ಕಂಪೆನಿಯನ್ನು ನಡೆಸುತ್ತಿದ್ದವರು ಇರ್ವಿನ್ ಅವರ ಸೋದರ ಸಂಬಂಧದ ಮೊಮ್ಮಗ ಜೆ. ಇರ್ವಿನ್ ಮಿಲ್ಲರ್. 1909ರಲ್ಲಿ ಹುಟ್ಟಿ, ಯೇಲ್ ಮತ್ತು ಆಕ್ಸ್‌ಫರ್ಡ್‌ನಲ್ಲಿ ಓದಿ, ಪಿಟೀಲು ನುಡಿಸಲು ಕಲಿತು ಊರಿಗೆ ಮರಳಿದ ಈ ಮನುಷ್ಯನೇ ಮುಂದಿನ ಕಥೆಯ ನಾಯಕ. ಆದರೆ ಮೊದಲ ಹೆಜ್ಜೆ ಇಟ್ಟವರು ಅವರ ಹಿರಿಯರು. ಮನೆತನದವರು ಹೋಗುತ್ತಿದ್ದ ಚರ್ಚಿಗೆ ಹೊಸ ಕಟ್ಟಡ ಬೇಕಾಗಿತ್ತು. ಮಿಲ್ಲರ್ ಅವರ ತಾಯಿ ಕಟ್ಟಡ ಸಮಿತಿಯಲ್ಲಿದ್ದರು. ಆಗಿನ ಕಾಲದ ಅಮೆರಿಕದಲ್ಲಿ ಚರ್ಚೆಂದರೆ ಯೂರೋಪಿನ ಮಧ್ಯಯುಗದ ನಕಲು, ಇಲ್ಲವೆ ಬಿಳಿ ಕಂಬಗಳ ಹಳೆಯ ಮಾದರಿ. ಫಿನ್ಲೆಂಡಿನಿಂದ ಬಂದು ಮಿಷಿಗನ್ನಿನಲ್ಲಿ ನೆಲೆಸಿದ್ದ ಎಲಿಯೆಲ್ ಸಾರಿನೆನ್ ಎಂಬ ವಾಸ್ತುಶಿಲ್ಪಿಯನ್ನು ಸಮಿತಿ ಕೇಳಿತು. ಅವರು ಮೊದಲು ಒಲ್ಲೆನೆಂದರೂ ಕಡೆಗೆ ಒಪ್ಪಿದರು.

1942ರಲ್ಲಿ ಮುಗಿದ ಆ ಫಸ್ಟ್ ಕ್ರಿಶ್ಚಿಯನ್ ಚರ್ಚು ಮಾಸಲು ಹಳದಿ ಇಟ್ಟಿಗೆ ಮತ್ತು ಸುಣ್ಣಕಲ್ಲಿನ ಒಂದು ನೇರ ಪೆಟ್ಟಿಗೆ. ಪಕ್ಕದಲ್ಲಿ 166 ಅಡಿ ಎತ್ತರದ ಚೌಕ ಗೋಪುರ. ಕಮಾನಿಲ್ಲ, ಬಣ್ಣದ ಗಾಜಿನ ಸಂತರಿಲ್ಲ. ಮುಂಭಾಗದ ಕಲ್ಲಿನ ಶಿಲುಬೆ ಗೋಡೆಯ ನಡುವೆ ಇಲ್ಲ. ಒಳಗೆ ಪ್ರಾರ್ಥನಾ ಮಂದಿರದ ಶಿಲುಬೆಯೂ ಒಂದು ಬದಿಗಿದೆ. ಗೋಪುರವೂ ಒಂದು ಬದಿಗೇ. ಎಲ್ಲವೂ ಸಮ ಎಡ, ಸಮ ಬಲ ಇರಬೇಕೆಂದು ಬಯಸುವ ಕಣ್ಣಿಗೆ ಮೊದಲು ಸ್ವಲ್ಪ ಇರುಸುಮುರುಸಾಗುತ್ತದೆ. ನಿಧಾನವಾಗಿ ಆ ವಾಲುವಿಕೆಯೇ ತೂಕವಾಗಿ ಕಾಣತೊಡಗುತ್ತದೆ. ಅಮೆರಿಕದಲ್ಲಿ ಆಧುನಿಕ ಶೈಲಿಯಲ್ಲಿ ಕಟ್ಟಿದ ಮೊಟ್ಟಮೊದಲ ಚರ್ಚುಗಳಲ್ಲಿ ಇದೂ ಒಂದು. ಒಳಗಿನ ಪೀಠೋಪಕರಣ, ದೀಪಗಳ ಕೆಲಸದಲ್ಲಿ ಸಾರಿನೆನ್ ಅವರ ಮಗ ಈರೊ ಮತ್ತು ಅವನ ಗೆಳೆಯ ಚಾರ್ಲ್ಸ್ ಈಮ್ಸ್ ಕೈಜೋಡಿಸಿದ್ದರು. ಈ ಈಮ್ಸ್ ಭಾರತಕ್ಕೂ ಬಂದವರೇ. 1958ರಲ್ಲಿ ಅವರು ಪತ್ನಿ ರೇ ಜೊತೆ ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ನಮ್ಮ ಮನೆಮನೆಯ ತಂಬಿಗೆಯನ್ನು ಮನಸಾರೆ ಹೊಗಳಿದ್ದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಹುಟ್ಟಿಗೆ ಆ ವರದಿಯೇ ಬುನಾದಿ.

ಮಿಲ್ಲರ್ ಮತ್ತು ಈರೊ ಒಂದೇ ವಾರಿಗೆಯವರು, ಗೆಳೆಯರಾದರು. ಯುದ್ಧ ಮುಗಿದ ಮೇಲೆ ಮನೆತನದ ಬ್ಯಾಂಕಿಗೆ ಹೊಸ ಕಟ್ಟಡ ಬೇಕಾದಾಗ ಮಿಲ್ಲರ್ ಕರೆದದ್ದು ಈರೊನನ್ನೇ. ಆ ಕಾಲದ ಬ್ಯಾಂಕುಗಳು ಕೋಟೆಗಳಂತಿದ್ದವು: ದಪ್ಪ ಕಂಬ, ಎತ್ತರದ ಮೆಟ್ಟಿಲು, ಗುಮಾಸ್ತನ ಮುಂದೆ ಕಬ್ಬಿಣದ ಸರಳು. ರೈತ ಒಳಗೆ ಬರುವಾಗ ಟೋಪಿ ತೆಗೆದು ಬಗ್ಗಿ ಬರಬೇಕು. 1954ರಲ್ಲಿ ತೆರೆದ ಇರ್ವಿನ್ ಯೂನಿಯನ್ ಬ್ಯಾಂಕು ಒಂದೇ ಅಂತಸ್ತಿನ ಗಾಜಿನ ಮಂಟಪ. ರಸ್ತೆಯಲ್ಲಿ ಹೋಗುವವನಿಗೆ ಒಳಗೆ ನಡೆಯುವುದೆಲ್ಲ ಕಾಣುತ್ತದೆ. ಸರಳುಗಳಿಲ್ಲ. ಚಪ್ಪಟೆ ಸೂರಿನ ಮೇಲೆ ಒಂಬತ್ತು ತಗ್ಗು ಗುಮ್ಮಟಗಳು. ಸಾಲ ಕೇಳಲು ಬಂದವನು ಸಂಕೋಚಪಡಬಾರದೆಂಬುದು ಧಣಿಯ ಇಚ್ಛೆಯಾಗಿತ್ತು. ಸಾಲ ಸಿಕ್ಕಿತೋ ಇಲ್ಲವೋ ಎಂಬುದು ಬೇರೆ ಮಾತು.

ಇಲ್ಲಿಯವರೆಗಿನದು ಶ್ರೀಮಂತರೊಬ್ಬರು ತಮ್ಮ ಚರ್ಚು, ತಮ್ಮ ಬ್ಯಾಂಕುಗಳನ್ನು ಚೆನ್ನಾಗಿ ಕಟ್ಟಿಸಿಕೊಂಡ ಕಥೆ. ಅಂಥವು ಎಲ್ಲ ಊರುಗಳಲ್ಲೂ ಸಿಕ್ಕುತ್ತವೆ. ಕೊಲಂಬಸ್ಸಿನ ವಿಶೇಷ ಶುರುವಾಗುವುದು ಮುಂದಿನ ಹೆಜ್ಜೆಯಿಂದ.

ಯುದ್ಧಾನಂತರ ಅಮೆರಿಕದಲ್ಲೆಲ್ಲ ಮಕ್ಕಳ ಸಂಖ್ಯೆ ಏರಿತು. ಊರಿನ ಶಾಲಾ ಮಂಡಳಿ ಅವಸರದಲ್ಲಿ, ಕಡಿಮೆ ಖರ್ಚಿನಲ್ಲಿ ಕಟ್ಟಡಗಳನ್ನು ಎಬ್ಬಿಸತೊಡಗಿತು. ಕಂಪೆನಿಗೆ ಇದರಿಂದ ನೇರ ತೊಂದರೆ ಇತ್ತು. ದೊಡ್ಡ ನಗರಗಳ ಎಂಜಿನಿಯರುಗಳನ್ನು ಜೋಳದ ಹೊಲಗಳ ನಡುವಿನ ಈ ಊರಿಗೆ ಕರೆತರಬೇಕಾದರೆ ಅವರ ಮಕ್ಕಳಿಗೆ ಒಳ್ಳೆಯ ಶಾಲೆ ತೋರಿಸಬೇಕು. ಮಿಲ್ಲರ್ ಶಾಲಾ ಮಂಡಳಿಯ ಮುಂದೆ ಒಂದು ಪ್ರಸ್ತಾಪ ಇಟ್ಟರು. ಹೊಸ ಶಾಲೆಗೆ ಒಳ್ಳೆಯ ವಾಸ್ತುಶಿಲ್ಪಿಯನ್ನು ನೇಮಿಸಿಕೊಂಡರೆ ಅವನ ಶುಲ್ಕವನ್ನು ಕಮಿನ್ಸ್ ಪ್ರತಿಷ್ಠಾನ ಕೊಡುತ್ತದೆ. ಕಟ್ಟುವ ಖರ್ಚು ಮಾತ್ರ ಊರಿನದು.

ಹೀಗೆ 1957ರಲ್ಲಿ ಹ್ಯಾರಿ ವೀಸ್ ವಿನ್ಯಾಸದ ಸ್ಮಿಟ್ ಪ್ರಾಥಮಿಕ ಶಾಲೆ ಮುಗಿಯಿತು. ಇಳಿಜಾರು ಸೂರಿನ ಪುಟ್ಟ ಮನೆಗಳನ್ನು ಸಾಲಾಗಿ ಜೋಡಿಸಿದಂಥ ಕಟ್ಟಡ. ಪ್ರತಿ ತರಗತಿಗೂ ತನ್ನದೇ ಸೂರು. ಆರು ವರ್ಷದ ಮಗು ತನ್ನ ಕೋಣೆ ಯಾವುದೆಂದು ದೂರದಿಂದಲೇ ಗುರುತಿಸಬಹುದು. ಮುಂದಿನ ಶಾಲೆಗೂ ಹೀಗೇ ಆಗಬಾರದೇಕೆ ಎಂಬ ಪ್ರಶ್ನೆ ಬಂದಾಗ ಪ್ರಸ್ತಾಪ ಕಾಯಂ ಆಯಿತು. 1960ರಿಂದ ಇತರ ಸಾರ್ವಜನಿಕ ಕಟ್ಟಡಗಳಿಗೂ ವಿಸ್ತರಿಸಿತು.

ಈ ಏರ್ಪಾಡಿನ ಜಾಣತನ ಇರುವುದು ಹಣದಲ್ಲಲ್ಲ, ಷರತ್ತಿನಲ್ಲಿ. ವಾಸ್ತುಶಿಲ್ಪಿಯನ್ನು ಮಿಲ್ಲರ್ ಆರಿಸುವುದಿಲ್ಲ. ಹೊರಗಿನ ಹಿರಿಯ ವಾಸ್ತುಶಿಲ್ಪಿಗಳ ಸಲಹೆಯಿಂದ ನಾಲ್ಕಾರು ಹೆಸರುಗಳ ಪಟ್ಟಿ ತಯಾರಾಗುತ್ತದೆ. ಆ ಪಟ್ಟಿಯಿಂದ ಯಾರು ಬೇಕೆಂದು ತೀರ್ಮಾನಿಸುವವರು ಶಾಲಾ ಮಂಡಳಿಯ ಸದಸ್ಯರು, ನಗರಸಭೆಯವರು, ಅಂದರೆ ಊರಿನ ಅಂಗಡಿಕಾರರು, ವಕೀಲರು, ಗೃಹಿಣಿಯರು. ನಕ್ಷೆ ಒಪ್ಪುವುದೂ ಬಿಡುವುದೂ ಅವರಿಗೇ ಬಿಟ್ಟದ್ದು. ಪ್ರಸ್ತಾಪವನ್ನೇ ಬೇಡವೆನ್ನುವ ಹಕ್ಕೂ ಇತ್ತು. ದಾನಿಯ ಹೆಸರು ಗೋಡೆಯ ಮೇಲೆ ಕೆತ್ತಿಸಬೇಕೆಂಬ ಕರಾರು ಇರಲಿಲ್ಲ. ಶಾಲೆಗಳಿಗೆ ಹೆಚ್ಚಾಗಿ ಊರಿನ ಹಳೆಯ ಶಿಕ್ಷಕಿಯರ ಹೆಸರು ಬಂತು. ವಾಸ್ತುಶಿಲ್ಪಿಯ ಶುಲ್ಕ ಕಟ್ಟಡದ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಆ ಸಣ್ಣ ಪಾಲನ್ನು ಕೊಟ್ಟು ಉಳಿದ ದೊಡ್ಡ ಪಾಲು ಹೇಗೆ ಖರ್ಚಾಗಬೇಕೆಂಬುದರ ದಿಕ್ಕನ್ನೇ ಬದಲಿಸಿದ್ದು ಬುದ್ಧಿವಂತ ವ್ಯಾಪಾರಿಯ ಲೆಕ್ಕಾಚಾರವೂ ಹೌದು.

ಇಷ್ಟಾದರೂ ಒಂದು ಕಂಪೆನಿ ಊರಿನ ಅಭಿರುಚಿಯನ್ನು ತಿದ್ದಲು ಹೊರಟದ್ದು ಸರಿಯೇ ಎಂದು ಕೇಳುವವರು ಇದ್ದೇ ಇದ್ದರು. ಪಟ್ಟಿ ಬೇರೆಯವರದಾದರೂ ಪಟ್ಟಿ ಇರಬೇಕೆಂದವರು ಯಾರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಮಿಲ್ಲರ್ ಬರೀ ಕಟ್ಟಡಗಳ ಮನುಷ್ಯನಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಪಾದ್ರಿಯಲ್ಲದವರಲ್ಲಿ ಅಮೆರಿಕದ ಚರ್ಚುಗಳ ರಾಷ್ಟ್ರೀಯ ಮಂಡಳಿಯ ಮೊದಲ ಅಧ್ಯಕ್ಷರು ಅವರು. ಕರಿಯರ ನಾಗರಿಕ ಹಕ್ಕುಗಳ ಪರವಾಗಿ 1963ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಮಹಾ ಮೆರವಣಿಗೆಗೆ ಆ ಮಂಡಳಿಯ ಬೆಂಬಲವಿತ್ತು. 1967ರ ಅಕ್ಟೋಬರ್ ತಿಂಗಳ 'ಎಸ್ಕ್ವೈರ್' ಪತ್ರಿಕೆ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿ, ದೇಶದ ಮುಂದಿನ ಅಧ್ಯಕ್ಷರಾಗಬೇಕಾದವರು ಇವರೆಂದು ಬರೆಯಿತು. ಅವರು ಚುನಾವಣೆಗೆ ನಿಲ್ಲಲಿಲ್ಲ.

ಇಂದು ಕೊಲಂಬಸ್ಸಿಗೆ ಹೋದವರು ಏನು ನೋಡಬೇಕು? ಐದನೆಯ ಬೀದಿಯಲ್ಲಿರುವ ಪ್ರವಾಸಿ ಕೇಂದ್ರದಿಂದ ಹೊರಟು ಕಾಲ್ನಡಿಗೆಯಲ್ಲೇ ಬಹಳಷ್ಟನ್ನು ನೋಡಬಹುದು. ದೂರದವುಗಳಿಗೆ ಬಸ್ಸಿನ ವ್ಯವಸ್ಥೆಯಿದೆ. ಎಪ್ಪತ್ತಕ್ಕೂ ಹೆಚ್ಚು ಗಮನಾರ್ಹ ಕಟ್ಟಡಗಳಿವೆ ಎನ್ನುತ್ತಾರೆ. ಅವುಗಳಲ್ಲಿ ಏಳಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಪಟ್ಟ ಸಿಕ್ಕಿದೆ. ಎಲ್ಲವನ್ನೂ ಒಂದೇ ದಿನ ನೋಡುವ ಹಟ ಬೇಡ. ಕಟ್ಟಡಗಳು ಪ್ರಾಣಿ ಸಂಗ್ರಹಾಲಯದ ಪ್ರಾಣಿಗಳಲ್ಲ. ಒಂದೊಂದರ ಬಳಿಯೂ ಸ್ವಲ್ಪ ಹೊತ್ತು ಕುಳಿತರಷ್ಟೇ ಮಾತಾಡುತ್ತವೆ.

ಕುಳಿತುಕೊಳ್ಳಲು ಒಳ್ಳೆಯ ಜಾಗ ಗ್ರಂಥಾಲಯದ ಅಂಗಳ. ಹಿರಿಯ ಸಾರಿನೆನ್ ಅವರ ಚರ್ಚಿಗೆ ಎದುರಾಗಿ 1969ರಲ್ಲಿ ಐ. ಎಂ. ಪೇ ಕಟ್ಟಿದ ಕ್ಲಿಯೊ ರೋಜರ್ಸ್ ಸ್ಮಾರಕ ಗ್ರಂಥಾಲಯ ಇಲ್ಲಿದೆ. ಮುಂದೆ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಗಾಜಿನ ಪಿರಮಿಡ್ ಕಟ್ಟಿ ಜಗತ್ತಿನ ಬಾಯಿಗೆ ಬಿದ್ದವರು ಇದೇ ಪೇ. ಇಲ್ಲಿ ಅವರು ಪಕ್ಕದ ಹಳೆಯ ಕಟ್ಟಡಗಳಿಗೆ ಮರ್ಯಾದೆ ಕೊಟ್ಟು ಕೆಂಪು ಇಟ್ಟಿಗೆಯ ತಗ್ಗಿದ ಕಟ್ಟಡ ಮಾಡಿದರು. ಅಂಗಳದ ನಡುವೆ ಬ್ರಿಟನ್ನಿನ ಶಿಲ್ಪಿ ಹೆನ್ರಿ ಮೂರ್ ಅವರ 'ದೊಡ್ಡ ಕಮಾನು' ಇದೆ. 1971ರಲ್ಲಿ ನಿಲ್ಲಿಸಿದ, ಸುಮಾರು 20 ಅಡಿ ಎತ್ತರದ, ಹಸಿರುಗಟ್ಟಿದ ಕಂಚಿನ ಈ ಆಕೃತಿ ಯಾವುದೋ ದೈತ್ಯ ಪ್ರಾಣಿಯ ಸೊಂಟದ ಮೂಳೆಯಂತೆ ಕಾಣುತ್ತದೆ. ಪುಸ್ತಕ ಬದಲಿಸಲು ತಾಯಂದಿರ ಜೊತೆ ಬಂದ ಮಕ್ಕಳಿಗೆ ಅದರ ಅರ್ಥದ ಚಿಂತೆಯಿಲ್ಲ. ಕಮಾನಿನ ಕೆಳಗೆ ನುಸುಳಿ ಓಡಲು ಅದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿ ಇನ್ನೊಂದಿಲ್ಲ.

ವಾಷಿಂಗ್ಟನ್ ಬೀದಿಗೆ ಬಂದರೆ ಜಹರಾಕೋಸ್ ಎಂಬ ಐಸ್‌ಕ್ರೀಂ ಅಂಗಡಿ. ಗ್ರೀಸಿನಿಂದ ಬಂದ ಸೋದರರು 1900ರಲ್ಲಿ ತೆರೆದದ್ದು. ಅಮೃತಶಿಲೆಯ ಸೋಡಾ ಕಟ್ಟೆ, ಬಣ್ಣದ ಗಾಜಿನ ದೀಪ, ತನ್ನಷ್ಟಕ್ಕೆ ತಾನೇ ನುಡಿಯುವ 1908ರ ಜರ್ಮನ್ ವಾದ್ಯಯಂತ್ರ, ಎಲ್ಲವೂ ಮೈತುಂಬ ಅಲಂಕಾರ ಹೊತ್ತವು. 2006ರಲ್ಲಿ ಮುಚ್ಚಿ 2009ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಆಧುನಿಕರ ಸರಳ ಗೋಡೆಗಳನ್ನು ಬೆಳಗಿನಿಂದ ನೋಡಿ ದಣಿದ ಕಣ್ಣಿಗೆ ಈ ಅಂಗಡಿ ಹಬ್ಬದೂಟ. ಊರಿನವರು ಹೆಚ್ಚು ಪ್ರೀತಿಸುವುದು ಗ್ರಂಥಾಲಯವನ್ನೋ ಈ ಅಂಗಡಿಯನ್ನೋ ಎಂದು ಕೇಳದಿರುವುದೇ ಲೇಸು.

ಅದೇ ಬೀದಿಯ 'ಕಾಮನ್ಸ್' ಎಂಬ ಸಾರ್ವಜನಿಕ ಸಭಾಂಗಣದಲ್ಲಿ ಸ್ವಿಟ್ಜರ್ಲೆಂಡಿನ ಕಲಾವಿದ ಜಾನ್ ಟಿಂಗ್ಲೆ ಹಳೆಯ ಕಬ್ಬಿಣದ ಸಾಮಾನುಗಳಿಂದ 1974ರಲ್ಲಿ ಮಾಡಿದ 'ಗೊಂದಲ' ಎಂಬರ್ಥದ ಹೆಸರಿನ ಮೂವತ್ತು ಅಡಿ ಯಂತ್ರವಿದೆ. ಚಕ್ರಗಳು ತಿರುಗುತ್ತವೆ, ಗುಂಡುಗಳು ಉರುಳುತ್ತವೆ, ಏನೂ ಉತ್ಪಾದನೆಯಾಗುವುದಿಲ್ಲ. ಎಂಜಿನ್ ತಯಾರಿಸುವವರ ಊರಿನಲ್ಲಿ ಕೆಲಸವಿಲ್ಲದ ಯಂತ್ರವನ್ನು ನಿಲ್ಲಿಸಿದ ಹಾಸ್ಯ ಯಾರಿಗಾದರೂ ಅರ್ಥವಾಗುವಂಥದು. ಅದನ್ನು ಒಳಗೊಂಡಿದ್ದ ಸೀಸರ್ ಪೆಲ್ಲಿ ವಿನ್ಯಾಸದ 1973ರ ಕಟ್ಟಡವನ್ನು ಕೆಡವಿ 2011ರಲ್ಲಿ ಹೊಸದು ಕಟ್ಟಿದರು. ಯಂತ್ರ ಮಾತ್ರ ನಿಂತಲ್ಲೇ ನಿಂತಿದೆ.

1874ರ ಹಳೆಯ ನ್ಯಾಯಾಲಯದ ಪಕ್ಕದಲ್ಲಿ ಇರುವುದನ್ನು ಮಾತ್ರ ಯಾರೂ ಬಿಡಬಾರದು. ಇಪ್ಪತ್ತನೆಯ ಶತಮಾನದ ಯುದ್ಧಗಳಲ್ಲಿ ಸತ್ತ ಆ ಪ್ರಾಂತದ ಸೈನಿಕರ ಸ್ಮಾರಕವದು. 1997ರಲ್ಲಿ ನಿಲ್ಲಿಸಿದ, ನಲವತ್ತು ಅಡಿ ಎತ್ತರದ 25 ಸುಣ್ಣಕಲ್ಲಿನ ಕಂಬಗಳು, ಐದೈದರ ಸಾಲಿನಲ್ಲಿ, ಒತ್ತೊತ್ತಾಗಿ. ಹೊರಗಿನಿಂದ ನುಣುಪಿಲ್ಲದ ಕಲ್ಲು. ಇಕ್ಕಟ್ಟಿನಲ್ಲಿ ಒಳಗೆ ಹೊಕ್ಕರೆ ನಯಗೊಳಿಸಿದ ಮೈಯ ಮೇಲೆ ಹೆಸರುಗಳು, ಜೊತೆಗೆ ಆ ಹುಡುಗರು ರಣರಂಗದಿಂದ ಮನೆಗೆ ಬರೆದ ಕಾಗದಗಳ ತುಣುಕುಗಳು. ಕುದುರೆಯೇರಿದ ಸೇನಾಪತಿ ಇಲ್ಲ, ವಿಜಯದ ಕಹಳೆ ಇಲ್ಲ. ಒಬ್ಬನ ಕಾಗದ ಓದಲು ನಿಂತವನು ಪಕ್ಕದ ಕಂಬದ ಮತ್ತೊಬ್ಬನಿಗೆ ಬೆನ್ನು ಹಾಕಬೇಕಾಗುತ್ತದೆ, ಅಷ್ಟು ಇಕ್ಕಟ್ಟು.

ಇನ್ನು ಆ ಅಗ್ನಿಶಾಮಕ ಠಾಣೆ. ರಾಬರ್ಟ್ ವೆಂಚುರಿ 1960ರ ದಶಕದ ಕೊನೆಯಲ್ಲಿ ಅದನ್ನು ಕಟ್ಟಿದಾಗ, ಅದು ಸಾಮಾನ್ಯ ಅಗ್ನಿಶಾಮಕ ಠಾಣೆಯಂತೆಯೇ ಕಾಣಬೇಕೆಂದು ಬೇಕೆಂದೇ ಹಾಗೆ ಮಾಡಿದರು. ಚಪ್ಪಟೆ ಸೂರಿನ ಇಟ್ಟಿಗೆ ಕಟ್ಟಡ. ರಸ್ತೆಯ ಕಡೆಗಷ್ಟೇ ಬಿಳಿ ಇಟ್ಟಿಗೆಯ ಮುಖ. ನಡುವೆ ಅರೆದುಂಡನೆಯ ಗೋಪುರ, ಅದರ ಮೇಲೆ ದೊಡ್ಡದಾಗಿ 4 ಎಂಬ ಅಂಕಿ. ಗೋಪುರ ಶೋಕಿಗಲ್ಲ, ನೀರಿನ ಕೊಳವೆಗಳನ್ನು ತೂಗುಹಾಕಿ ಒಣಗಿಸಲು. ಇಷ್ಟಕ್ಕೆ ಇಷ್ಟು ಹೆಸರೇಕೆ ಎಂದು ನಿರಾಶರಾಗಿ ಮರಳುವವರೂ ಉಂಟು. ಆ ನಿರಾಶೆಯೂ ನ್ಯಾಯವಾದದ್ದೇ. ಊರಿನ ಮಾಮೂಲು ಕಟ್ಟಡ ಮಾಮೂಲಾಗಿಯೇ ಇದ್ದು ಚೆನ್ನಾಗಿರಬಹುದೆಂದು ತೋರಿಸುವುದು ವೆಂಚುರಿಯ ಉದ್ದೇಶ. ಇದಕ್ಕೆ ವಿರುದ್ಧವಾದ ಮಾದರಿ ಬೇಕಿದ್ದವರು ಜಾನ್ ಜೊಹಾನ್ಸೆನ್ ಅವರ ಸ್ಮಿತ್ ಪ್ರಾಥಮಿಕ ಶಾಲೆಗೆ ಹೋಗಬೇಕು. ಬಣ್ಣಬಣ್ಣದ ಕೊಳವೆಯಾಕಾರದ ಓಣಿಗಳು ತರಗತಿಗಳನ್ನು ಒಂದಕ್ಕೊಂದು ಜೋಡಿಸುತ್ತವೆ. ರಿಚರ್ಡ್ ಮೇಯರ್ ಅವರ ಶಾಲೆ ಒಂದು, ಕೆವಿನ್ ರೋಚ್ ಅವರ ಅಂಚೆ ಕಚೇರಿ, ಕಮಿನ್ಸ್ ಕಂಪೆನಿಯ ಪ್ರಧಾನ ಕಚೇರಿ ಹೀಗೆ ಪಟ್ಟಿ ಉದ್ದವಿದೆ. ಪೇ, ರೋಚ್, ಮೇಯರ್, ವೆಂಚುರಿ ನಾಲ್ವರೂ ಮುಂದೆ ವಾಸ್ತುಶಿಲ್ಪದ ನೊಬೆಲ್ ಎನ್ನಿಸಿಕೊಂಡ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದವರು. ಇಲ್ಲಿ ಕೆಲಸ ಮಾಡಿದಾಗ ವೆಂಚುರಿ ಇನ್ನೂ ಅಷ್ಟಾಗಿ ಹೆಸರಾದವರಲ್ಲ.

ಮಿಲ್ಲರ್ ತಮ್ಮ ಮನೆಯನ್ನೂ ಈರೊ ಸಾರಿನೆನ್ ಕೈಯಿಂದಲೇ 1957ರಲ್ಲಿ ಕಟ್ಟಿಸಿದರು. ಒಳಾಂಗಣ ಅಲೆಕ್ಸಾಂಡರ್ ಜಿರಾರ್ಡ್ ಅವರದು, ತೋಟ ಡಾನ್ ಕೈಲಿ ಅವರದು. ನಡುಮನೆಯ ನೆಲವನ್ನು ಚೌಕವಾಗಿ ತಗ್ಗಿಸಿ, ಸುತ್ತ ಮೆತ್ತೆ ಹಾಸಿ, ಮೆಟ್ಟಿಲಿಳಿದು ಕುಳಿತು ಹರಟುವ ವ್ಯವಸ್ಥೆ ಮಾಡಿದ್ದಾರೆ. ಅದನ್ನು ಅವರು ಮಾತಿನ ಗುಂಡಿ ಎನ್ನುತ್ತಾರೆ. ನಮ್ಮ ಹಳೆಯ ತೊಟ್ಟಿ ಮನೆಗಳ ಅಂಗಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತವರಿಗೆ ಇದರ ಸುಖ ಗೊತ್ತು. ಇಲ್ಲಿ ಮೇಲೆ ಆಕಾಶವಿಲ್ಲ, ಅಷ್ಟೇ ವ್ಯತ್ಯಾಸ. ಮಿಲ್ಲರ್ 2004ರಲ್ಲೂ ಅವರ ಪತ್ನಿ ಜೀನಿಯಾ 2008ರಲ್ಲೂ ತೀರಿಕೊಂಡ ಮೇಲೆ ಮನೆ ಇಂಡಿಯಾನಪೊಲಿಸ್ ಕಲಾ ಸಂಗ್ರಹಾಲಯಕ್ಕೆ ಸೇರಿ, 2011ರಲ್ಲಿ ಜನರಿಗೆ ತೆರೆಯಿತು. ಟಿಕೆಟ್ಟನ್ನು ಮುಂಚೆಯೇ ಕಾಯ್ದಿರಿಸಬೇಕು.

ಭಾರತೀಯರಿಗೆ ಈ ಊರು ಪೂರ್ತಿ ಪರಕೀಯವಲ್ಲ. 1960ರ ದಶಕದ ಆರಂಭದಲ್ಲಿ ಕಮಿನ್ಸ್ ಕಂಪೆನಿ ಪುಣೆಯಲ್ಲಿ ಕಿರ್ಲೋಸ್ಕರ್ ಸಂಸ್ಥೆಯ ಜೊತೆಗೂಡಿ ಎಂಜಿನ್ ಕಾರ್ಖಾನೆ ತೆರೆಯಿತು. ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬದುಕು ಆರಂಭಿಸಿದ್ದು ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ. ಒಬ್ಬ ಸೈಕಲ್ ರಿಪೇರಿಯಿಂದ, ಒಬ್ಬ ಧಣಿಯ ಕಾರು ಓಡಿಸುವುದರಿಂದ ಶುರುಮಾಡಿದವರ ಹೆಸರುಗಳು ಮುಂದೆ ಒಂದೇ ಫಲಕದಲ್ಲಿ ಜೊತೆಯಾದವು. ಆ ಪಾಲುದಾರಿಕೆ 1990ರ ದಶಕದ ಕೊನೆಯಲ್ಲಿ ಮುಗಿಯಿತು, ಕಾರ್ಖಾನೆ ಉಳಿಯಿತು. ಭಾರತದ ಎಂಜಿನಿಯರುಗಳೂ ಈಗ ಕೊಲಂಬಸ್ಸಿನಲ್ಲಿ ಸಂಸಾರ ಹೂಡಿದ್ದಾರೆ. ಎಂಜಿನಿಯರುಗಳನ್ನು ಸೆಳೆಯಲೆಂದು ಕಟ್ಟಿದ ಶಾಲೆಗಳಲ್ಲಿ ಅವರ ಮಕ್ಕಳೂ ಓದುತ್ತಾರೆ.

ಒಳ್ಳೆಯ ಕಟ್ಟಡಗಳಿಂದ ಊರು ಒಳ್ಳೆಯದಾಗುತ್ತದೆಯೇ ಎಂಬ ಪ್ರಶ್ನೆಗೆ ಕೊಲಂಬಸ್ ಕೊಡುವ ಉತ್ತರ ನೇರವಾಗಿಲ್ಲ. ಕಂಪೆನಿ ಇಂದಿಗೂ ಊರು ಬಿಟ್ಟು ಹೋಗಿಲ್ಲ, ನೆರೆಯ ಎಷ್ಟೋ ಕಾರ್ಖಾನೆ ಊರುಗಳಂತೆ ಪೇಟೆ ಬಿಕೋ ಎನ್ನುತ್ತಿಲ್ಲ. ಆದರೆ ಕಟ್ಟಡಗಳಿಂದ ಇದಾಯಿತೋ, ಕಂಪೆನಿ ಇದ್ದುದರಿಂದ ಕಟ್ಟಡಗಳು ಬಾಳಿದವೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಅದರೊಳಗಿನ ಸಂಸ್ಥೆಯನ್ನು ಕಾಯಲಾರದು ಎಂಬುದಂತೂ ಇಲ್ಲಿ ಕಣ್ಣಿಗೆ ಕಾಣುತ್ತದೆ. ಆ ಗಾಜಿನ ಬ್ಯಾಂಕು 2009ರ ಆರ್ಥಿಕ ಬಿಕ್ಕಟ್ಟಿನಲ್ಲಿ ಮುಳುಗಿತು. ಮಂಟಪ ಈಗ ಕಮಿನ್ಸ್ ಕಂಪೆನಿಯ ಸಮ್ಮೇಳನ ಕೇಂದ್ರ. 'ದಿ ರಿಪಬ್ಲಿಕ್' ಎಂಬ ಊರಿನ ದಿನಪತ್ರಿಕೆಗೆ 1971ರಲ್ಲಿ ಮೈರನ್ ಗೋಲ್ಡ್‌ಸ್ಮಿತ್ ಪಾರದರ್ಶಕ ಕಟ್ಟಡ ಕೊಟ್ಟಿದ್ದರು. ಹಳದಿ ಬಣ್ಣದ ಮುದ್ರಣ ಯಂತ್ರ ನಾಳಿನ ಸುದ್ದಿಯನ್ನು ಅಚ್ಚು ಹಾಕುವುದು ರಸ್ತೆಗೇ ಕಾಣುತ್ತಿತ್ತು. ಮೊದಲು ಯಂತ್ರ ಹೋಯಿತು, ಆಮೇಲೆ ಪತ್ರಿಕೆಯೂ ಹೋಯಿತು. 2018ರಿಂದ ಅಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳು ನಕ್ಷೆ ಬರೆಯುತ್ತಿದ್ದಾರೆ.

2008ರ ಜೂನ್ 7ರಂದು ಹಾ ಕ್ರೀಕ್ ಎಂಬ ಹಳ್ಳ ಉಕ್ಕಿ ಊರಿನ ಆಸ್ಪತ್ರೆಗೆ ನೀರು ನುಗ್ಗಿತು. ರೋಗಿಗಳನ್ನೆಲ್ಲ ಸಾಗಿಸಬೇಕಾಯಿತು, ಆಸ್ಪತ್ರೆ ತಿಂಗಳುಗಟ್ಟಲೆ ಮುಚ್ಚಿತ್ತು. ಹಳ್ಳಕ್ಕೆ ವಾಸ್ತುಶಿಲ್ಪಿಯ ಹೆಸರು ಗೊತ್ತಿರುವುದಿಲ್ಲ.

ಹೊಸದಾಗಿ ಕಟ್ಟುವವರಿಗೆ ಶುಲ್ಕ ಕೊಡುವ ಪ್ರತಿಷ್ಠಾನವಿತ್ತು. ಕಟ್ಟಿದ್ದನ್ನು ಐವತ್ತು, ಎಂಬತ್ತು ವರ್ಷಗಳ ಮೇಲೆ ರಿಪೇರಿ ಮಾಡುವ ಖರ್ಚು ಯಾರದು? ಹಿರಿಯ ಸಾರಿನೆನ್ ಅವರ ಚರ್ಚಿನ ಗೋಪುರ ಬಿರುಕು ಬಿಟ್ಟು ಅಪಾಯದ ಸ್ಥಿತಿಗೆ ಬಂದಾಗ ಆ ಪ್ರಶ್ನೆ ತಲೆಯ ಮೇಲೆಯೇ ಬಂದು ನಿಂತಿತು. ಭಕ್ತರ ಸಂಖ್ಯೆ ಕರಗಿತ್ತು. ಮೂವತ್ತು ಲಕ್ಷ ಡಾಲರಿಗೂ ಹೆಚ್ಚು ಬೇಕಿತ್ತು. ಊರವರು, ಹೊರಗಿನ ಪ್ರತಿಷ್ಠಾನಗಳು, ಸರ್ಕಾರದ ಅನುದಾನ ಎಲ್ಲ ಸೇರಿ 2022ರಲ್ಲಿ ಗೋಪುರ ಮತ್ತೆ ಗಟ್ಟಿಯಾಯಿತು. 2017ರಲ್ಲಿ ಕೊಗೊನಾಡ ಎಂಬ ನಿರ್ದೇಶಕ ಊರಿನ ಹೆಸರನ್ನೇ ಇಟ್ಟು ತೆಗೆದ ಚಲನಚಿತ್ರ ಕೂಡ ದೂರದವರ ಕಣ್ಣನ್ನು ಇತ್ತ ತಿರುಗಿಸಿತ್ತು. ಆ ವರ್ಷದಿಂದಲೇ ಎರಡು ವರ್ಷಕ್ಕೊಮ್ಮೆ ಬೀದಿ ಅಂಗಳಗಳಲ್ಲಿ ಯುವ ವಾಸ್ತುಶಿಲ್ಪಿಗಳ ಹೊಸ ಪ್ರಯೋಗಗಳ ಪ್ರದರ್ಶನವೂ ನಡೆಯುತ್ತಿದೆ.

ಊರಿನ ಉತ್ತರ ಅಂಚಿನ ನಾರ್ತ್ ಕ್ರಿಶ್ಚಿಯನ್ ಚರ್ಚಿನ ಕಥೆ ಬೇರೆ. ಈರೊ ಸಾರಿನೆನ್ 1961ರಲ್ಲಿ, ಐವತ್ತೊಂದನೆಯ ವಯಸ್ಸಿಗೆ ತೀರಿಕೊಳ್ಳುವ ಮುನ್ನ ಮಾಡಿದ ಕೊನೆಯ ವಿನ್ಯಾಸಗಳಲ್ಲಿ ಅದೊಂದು. ಕಟ್ಟಿ ಮುಗಿದದ್ದು 1964ರಲ್ಲಿ. ಆರು ಮೂಲೆಯ ಸೂರು ನೆಲದಿಂದ ಮೇಲೇರುತ್ತ ಏರುತ್ತ 192 ಅಡಿ ಎತ್ತರದ ಸೂಜಿಮೊನೆಯಾಗುತ್ತದೆ. ಒಳಗೆ ಪೀಠವನ್ನು ಒಂದು ಕೊನೆಯಲ್ಲಿ ಇಡದೆ ನಡುವೆ ಇಟ್ಟು, ಸುತ್ತಲೂ ಇಳಿಜಾರಾಗಿ ಆಸನಗಳನ್ನು ಹಾಕಿದ್ದಾರೆ. ಪ್ರಾರ್ಥಿಸುವವರು ಒಬ್ಬರ ಬೆನ್ನನ್ನಲ್ಲ, ಒಬ್ಬರ ಮುಖವನ್ನೊಬ್ಬರು ನೋಡಬೇಕೆಂದು. ಬೆಳಕು ಮೇಲಿನಿಂದ ಮೆಲ್ಲಗೆ ಇಳಿಯುತ್ತದೆ. ಮಿಲ್ಲರ್ ದಂಪತಿ ಈ ಚರ್ಚಿನ ಸದಸ್ಯರಾಗಿದ್ದರು. ವರ್ಷಗಳು ಕಳೆದಂತೆ ಆ ಆಸನಗಳಲ್ಲಿ ಎದುರುಬದುರು ಕೂರುವ ಮುಖಗಳು ಕಡಿಮೆಯಾಗುತ್ತ ಬಂದವು. ಕೆಲವೇ ಮಂದಿ ವಯಸ್ಸಾದವರಿಂದ ಅಷ್ಟು ದೊಡ್ಡ ಸೂರನ್ನು ಸೋರದಂತೆ ಕಾಯಲು ಆಗಲಿಲ್ಲ. 2022ರಲ್ಲಿ ಸಭೆ ವಿಸರ್ಜನೆಯಾಯಿತು.

ಕಟ್ಟಡವನ್ನು ಮಾರಲಿಲ್ಲ, ಕೆಡವಲಿಲ್ಲ. ಅದರ ಒಡೆತನ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಬಂತು, ಪೇ ಅವರ ಕೆಂಪು ಇಟ್ಟಿಗೆಯ ಕಟ್ಟಡದಿಂದ ನಡೆಯುವ ಅದೇ ಗ್ರಂಥಾಲಯಕ್ಕೆ. ಪ್ರಾರ್ಥನೆಗೆ ಬರುತ್ತಿದ್ದವರ ಜಾಗದಲ್ಲಿ ಊರಿನ ಎಲ್ಲರೂ ಬಂದು ಕೂಡುವಂಥ ಕಟ್ಟಡವಾಗಿ ಅದನ್ನು ಉಳಿಸಿಕೊಳ್ಳಬೇಕೆಂಬುದು ಗ್ರಂಥಾಲಯದವರ ಯೋಚನೆ. ಸೂರಿನ ರಿಪೇರಿಯ ಲೆಕ್ಕ ಈಗ ಅವರ ಮೇಜಿನ ಮೇಲಿದೆ.